ರಸ್ತೆ ಬರ್ಲಿ, ಮತ್ತೆ ಒತ್ತಿ

"ರಸ್ತೆ ಬರ್ಲಿ. ಮತ್ತೆ ಒತ್ತಿ."

ನನ್ನ ಹೆಂಡತಿ ನನಗೆ ಹೇಳಿದ ಕೊನೆಯ ಮಾತು ಇದು. ಆಪರೇಷನ್ ಕೋಣೆಯ ಬಾಗಿಲಲ್ಲಿ, ಗಾಲಿಮಂಚದ ಮೇಲೆ ಮಲಗಿಕೊಂಡು, ಕೈಯಲ್ಲಿದ್ದ ಫೋನನ್ನು ನನಗೆ ಕೊಟ್ಟು ಹೇಳಿದ್ದು. ಮಗಳ ಸುದ್ದಿ ಇಲ್ಲ, ಮನೆಯ ಸುದ್ದಿ ಇಲ್ಲ. ಬಸ್ಸಿನ ಸುದ್ದಿ. ಅದೂ ಫೋನಿನೊಳಗಿನ ಬಸ್ಸು.

ಆಮೇಲೆ ಮನೆಗೆ ಬಂದವರೆಲ್ಲ ಕೇಳುತ್ತಿದ್ದರು, "ಕಡೆಗೆ ಎಂಥ ಹೇಳಿದ್ರು?" ನಾನು ಇದನ್ನೇ ಹೇಳುತ್ತಿದ್ದೆ. ಅವರು ತಲೆ ಆಡಿಸಿ, "ಎಷ್ಟು ದೊಡ್ಡ ಮಾತು!" ಅನ್ನುತ್ತಿದ್ದರು. ಒಬ್ಬರು ಕಣ್ಣು ಕೂಡ ಒರೆಸಿಕೊಂಡರು. ಅದು ವೇದಾಂತ ಅಲ್ಲ ಮಾರಾಯ್ರೆ, ಫೋನಿನ ಮೆಮೊರಿ ಕಡಿಮೆ ಇದ್ದದ್ದು ಅಂತ ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ.

ನಮ್ಮ ಮನೆಯಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಅತ್ತರೂ ನಡುವೆ ಎಲ್ಲಿಂದಲೋ ನಗು ಬಂದು ಕೂತಿರುತ್ತದೆ. ನಾನು ಶಾಲೆಗೆ ಹೋದದ್ದು ಕಡಿಮೆ. ಊರು ಕಾಸರಗೋಡಿನ ಕಡೆ. ಕೊಚ್ಚಿಯ ಅಂಬಲಮುಗಳ್‌ನಲ್ಲಿ ಎಣ್ಣೆ ಶುದ್ಧ ಮಾಡುವ ದೊಡ್ಡ ಕಾರ್ಖಾನೆ ಉಂಟಲ್ಲ, ಅಲ್ಲಿಂದ ಡೀಸೆಲ್ ತುಂಬಿಸಿಕೊಂಡು ಟ್ಯಾಂಕರ್ ಓಡಿಸುವುದು ನನ್ನ ಕೆಲಸ ಆಗಿತ್ತು. ಆಗ ಮನೆಯೂ ಅಲ್ಲೇ ಹತ್ತಿರ. ಬರೆದು ಅಭ್ಯಾಸ ಇಲ್ಲ. ನಿಧಾನಕ್ಕೆ ಬರೆಯುತ್ತೇನೆ. ನೀವೂ ನಿಧಾನಕ್ಕೆ ಓದಿ.

ಅಕ್ಕನ ಮೇಲೆ ಬಸ್ಸು

ಮಗಳು ಮದುವೆಯಾಗಿ ತಿರುವನಂತಪುರಕ್ಕೆ ಹೋದಳು. ಹೋಗುವಾಗ ತನ್ನ ಹಳೆ ಫೋನನ್ನು ಅಮ್ಮನಿಗೆ ಬಿಟ್ಟಳು. ಅದರಲ್ಲಿ ಒಂದು ಬಸ್ ಓಡಿಸುವ ಆಟ ಇತ್ತು. ಬೆಟ್ಟದ ತುದಿಯ ಸ್ಟ್ಯಾಂಡಿನಿಂದ ಹೊರಡಬೇಕು. ಘಾಟಿ ಇಳಿಯಬೇಕು. ಪೇಟೆ ದಾಟಿ ಸಮುದ್ರದ ಬದಿಯ ಸ್ಟ್ಯಾಂಡಿಗೆ ಮುಟ್ಟಬೇಕು. ಭಾರೀ ಉದ್ದದ ದಾರಿ. ಬೇಕಾದಲ್ಲಿ ನಿಲ್ಲಿಸಿ ನಾಳೆ ಮುಂದುವರಿಸಬಹುದು. ಆದರೆ ದಾರಿಯಲ್ಲಿ ಎಲ್ಲಿಯಾದರೂ ಸ್ವಲ್ಪ ಉಜ್ಜಿದರೂ ಟ್ರಿಪ್ ರದ್ದು. ಮತ್ತೆ ಬೆಟ್ಟದ ತುದಿಯಿಂದ. ಒಂದು ಗೀರೂ ಇಲ್ಲದೆ ಸಮುದ್ರ ಮುಟ್ಟಿದರೆ ಬಸ್ಸಿಗೆ ಒಂದು ಹಸಿರು ಪಟ್ಟಿ ಸಿಗುತ್ತದೆ. ಅಷ್ಟೇ. ಆ ಪಟ್ಟಿಗಾಗಿ ನನ್ನ ಹೆಂಡತಿ ಊಟ ಬಿಡಲಿಕ್ಕೂ ತಯಾರು.

ಸೈಕಲ್ ಕೂಡ ಓಡಿಸಿದವಳಲ್ಲ ಅವಳು. ಪೆಟ್ರೋಲ್ ವಾಸನೆ ಬಂದರೆ ತಲೆ ನೋವು ಅನ್ನುವವಳು. ಅವಳು ಬಸ್ಸು ಹಿಡಿದಳು.

ಆಟ ಆಗಾಗ ದೊಡ್ಡದಾಗುತ್ತಿತ್ತು. ಹೊಸ ರಸ್ತೆ, ಹೊಸ ಸೇತುವೆ ಸೇರಿಸುತ್ತಿದ್ದರು. ಪ್ರತಿ ಸಲ ಫೋನು "ಜಾಗ ಇಲ್ಲ" ಅನ್ನುತ್ತಿತ್ತು. ಒಂದು ದಿನ ನಾನು ಟ್ರಿಪ್ ಮುಗಿಸಿ ಬಂದು, ಊರಿನ ಅಕ್ಕನ ಮಗಳ ಮದುವೆಯ ಫೋಟೋ ನೋಡುವ ಅಂತ ಫೋನು ತೆಗೆದೆ. ಮದುವೆ ಇಲ್ಲ. ಹುಡುಕಿದೆ. ಮದುಮಗಳು ಇಲ್ಲ, ಮದುಮಗ ಇಲ್ಲ, ಊಟದ ಪಂಕ್ತಿ ಇಲ್ಲ.

"ಅಕ್ಕನ ಮನೆಯ ಫೋಟೋ ಎಲ್ಲಿ ಹೋಯ್ತು?"

"ತೆಗೆದೆ."

"ತೆಗೆದೆ ಅಂದ್ರೆ?"

"ಸೇತುವೆಗೆ ಜಾಗ ಬೇಕಿತ್ತು."

"ಅಲ್ಲ ಮಾರಾಯ್ತಿ, ನನ್ನ ಅಕ್ಕ ಇದ್ದದ್ದು ಅದೊಂದು ಫೋಟೋದಲ್ಲಿ."

ಅವಳು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು, "ಎಲ್ಲಿಗೂ ಹೋಗಲಿಲ್ಲ. ಅಕ್ಕ ಇದ್ದ ಜಾಗದಲ್ಲಿಯೇ ಈಗ ಬಸ್ಸು ಓಡ್ತಾ ಉಂಟು."

ದೊಡ್ಡ ಟ್ಯಾಂಕು, ಸಣ್ಣ ಪೈಪು

ನನ್ನ ಪೈಕಿಯ ಇನ್ನಷ್ಟು ಜನ ಬಸ್ಸಿನ ಅಡಿಗೆ ಹೋಗುವ ಮೊದಲು ಏನಾದರೂ ಮಾಡಬೇಕು ಅಂತ ನಾನು ಎರ್ನಾಕುಲಂ ಪೇಟೆಗೆ ಹೋದೆ. ಅಲ್ಲಿ ಮೊಬೈಲ್ ಅಂಗಡಿಗಳು ಸಾಲಾಗಿ ಇವೆ. ಒಂದರಲ್ಲಿ ಕೇಳಿದೆ, "ಎಲ್ಲದಕ್ಕಿಂತ ದೊಡ್ಡ ಕಾರ್ಡು ಯಾವುದು?" ಅಂಗಡಿಯವನು ಒಂದು ಕೊಟ್ಟ. ಉಗುರಿನಷ್ಟು ಇತ್ತು. ಇದರಲ್ಲಿ ಊರಿಗೆ ಊರೇ ಹಿಡಿಯುತ್ತದೆ ಅಂದ. ಮನೆಗೆ ತಂದು, ಫೋನಿಗೆ ಹಾಕಿ, ಆಟವನ್ನು ಪೂರ್ತಿ ಆ ಕಾರ್ಡಿಗೆ ಸಾಗಿಸಿದೆವು. ಮನೆ ಸಾಗಿಸಿದ ಹಾಗೆ.

"ಇನ್ನು ನೋಡು, ನಿನ್ನ ಬಸ್ಸು ವಿಮಾನದ ಹಾಗೆ ಹೋಗ್ತದೆ," ಅಂದೆ.

ಅವಳು ಗುಂಡಿ ಒತ್ತಿದಳು. ಪರದೆಯಲ್ಲಿ ಒಂದು ಚಕ್ರ ತಿರುಗಲಿಕ್ಕೆ ಶುರುವಾಯಿತು. ತಿರುಗಿತು. ಅವಳು ಹೋಗಿ ಅಕ್ಕಿ ತೊಳೆದು ಬಂದಳು. ತಿರುಗುತ್ತಾ ಇತ್ತು. ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕಿ ಬಂದಳು. ತಿರುಗುತ್ತಾ ಇತ್ತು.

"ವಿಮಾನ ಇನ್ನೂ ಹೊರಟಿಲ್ಲ," ಅಂದಳು.

ಮರುದಿನ ಅಂಗಡಿಗೆ ಹೋಗಿ ಜಗಳ ತೆಗೆದೆ. ಅಂಗಡಿಯವನು ಸಮಾಧಾನದಿಂದ, ಅವರ ಭಾಷೆಯಲ್ಲಿ ಅಣ್ಣ ಅಂತ ಕರೆದು ಕೇಳಿದ, "ಚೇಟ್ಟಾ, ನಿಮಗೆ ಎಂಥ ಕೆಲಸ?" ಟ್ಯಾಂಕರ್ ಅಂದೆ. "ಟ್ಯಾಂಕರ್ ದೊಡ್ಡದಿದ್ದರೆ ಬೇಗ ತುಂಬುತ್ತದಾ?" ಇಲ್ಲ, ಪೈಪು ದಪ್ಪ ಇರಬೇಕು ಅಂದೆ. "ಅಷ್ಟೇ. ನೀವು ಕೇಳಿದ್ದು ದೊಡ್ಡ ಟ್ಯಾಂಕು. ಪೈಪಿನ ಸುದ್ದಿ ಕೇಳಲೇ ಇಲ್ಲ." ಪೈಪು ಸಣ್ಣದಾದರೆ ತುಂಬಿಸುವ ಜಾಗದಲ್ಲಿ ಸಾಲುಗಟ್ಟಿ ನಿಂತು ಬೀಡಿಯೂ ಸೇದಲಿಕ್ಕಾಗದೆ ಕಾಯುವವರು ನಾವೇ ಅಲ್ಲವಾ.

ಕಾರ್ಡು ವಾಪಸ್ ತಗೊಳ್ಳಲಿಲ್ಲ. ಆಟ ಅದರಲ್ಲಿಯೇ ಉಳಿಯಿತು.

ಅದರಿಂದ ಒಂದು ಬೇರೆ ಸಂಗತಿ ಆಯಿತು. ನಾನು ಮನೆಗೆ ಬಂದರೆ ಉಂಡು ಮಲಗುವವನು. ಅವಳು ಫೋನು ಹಿಡಿದರೆ ಫೋನಿನಲ್ಲಿಯೇ. ಈಗ ಚಕ್ರ ತಿರುಗುವಷ್ಟು ಹೊತ್ತು ಅವಳಿಗೆ ಮಾಡಲಿಕ್ಕೆ ಏನೂ ಇಲ್ಲ. ಕಾಫಿ ಮಾಡಿಕೊಂಡು ಬಂದು ನನ್ನ ಹತ್ತಿರ ಕೂರುತ್ತಿದ್ದಳು. ಆಚೆಮನೆಯವರ ನಾಯಿ, ಮೀನಿನವಳ ಸುಳ್ಳು, ಮಗಳು ಫೋನಿನಲ್ಲಿ ಹೇಳಿದ್ದು, ಹೇಳದೆ ಬಿಟ್ಟದ್ದು, ಎಲ್ಲ ಹೇಳುತ್ತಿದ್ದಳು. ಚಕ್ರ ನಿಂತ ಕೂಡಲೇ ಮಾತು ಬಂದ್. ಮಾತಿನ ನಡುವೆಯೇ ಬಂದ್.

"ಮತ್ತೆ ಆ ಮೀನಿನವಳು ಎಂಥ ಅಂದಳು?" ಅಂತ ನಾನು ಕೇಳಿದರೆ, "ನಾಳೆ ಲೋಡ್ ಆಗುವಾಗ ಹೇಳ್ತೇನೆ."

ದಿನಾ ಹರ್ತಾಲ್

ಒಂದು ಸಲ ನಾನೂ ಓಡಿಸಿ ನೋಡಿದೆ. ಅವಳ ಬಸ್ಸು ಅಲ್ಲ. ಅದನ್ನು ಮುಟ್ಟಲಿಕ್ಕೆ ಬಿಡುತ್ತಿರಲಿಲ್ಲ. ನನಗೆ ಬೇರೆ ಒಂದು ಬಸ್ಸು ತೆಗೆದುಕೊಟ್ಟಳು.

"ನನಗೆ ಹೇಳಿಕೊಡಬೇಡ. ನನ್ನ ಹೊಟ್ಟೆಪಾಡೇ ಇದು," ಅಂದೆ.

ಹೊರಟೆ. ರಸ್ತೆ ಖಾಲಿ. ಒಂದು ವಾಹನ ಇಲ್ಲ, ಒಂದು ಜನ ಇಲ್ಲ. ಒತ್ತಿದೆ. ಮೊದಲ ತಿರುವು ಮುಗಿಯುವಾಗ ಎದುರು ರಸ್ತೆ ಇರಲಿಲ್ಲ. ಗುಂಡಿ ಇತ್ತು ಅಂತ ಅಲ್ಲ. ರಸ್ತೆಯೇ ಇರಲಿಲ್ಲ. ಬಸ್ಸು ಕೆಳಗೆ ಹೋಯಿತು. ಹೋಗುತ್ತಲೇ ಇತ್ತು. ಕೆಳಗೂ ಏನೂ ಇಲ್ಲ. ಬರೀ ನೀಲಿ. ಒಳಗೆ ಪ್ರಯಾಣಿಕರು ಮಾತ್ರ ಏನೂ ಆಗದವರ ಹಾಗೆ ಕೂತಿದ್ದರು.

"ಇದೆಂಥದ್ದು?"

"ರಸ್ತೆ ಬರುವ ಮೊದಲೇ ನೀವು ಹೋದ್ರಿ."

"ರಸ್ತೆ ಬರುವುದಾ? ರಸ್ತೆ ಇರುವುದಲ್ಲವಾ?"

"ನಿಮ್ಮ ರಸ್ತೆ ಇರ್ತದೆ. ಇದು ಬರಬೇಕು. ಫೋನು ಪಾಪ ಒಳಗಿಂದ ತಂದು ತಂದು ಹಾಸ್ತದೆ. ಅದರ ಕೈಯಲ್ಲಿ ಹಿಡಿಯುವಷ್ಟೇ ತರುವುದು. ತಿರುವಿನಲ್ಲಿ ನಿಲ್ಲಿಸಿ, ರಸ್ತೆ ಬರ್ಲಿ, ಮತ್ತೆ ಒತ್ತಿ."

ಅವಳು ಹಾಗೆಯೇ ಓಡಿಸುವುದು. ಪ್ರತಿ ತಿರುವಿನಲ್ಲಿ ನಿಲ್ಲಿಸಿ, ಇಂಡಿಕೇಟರ್ ಹಾಕಿ, ಬಾಯಲ್ಲೇ "ಟಿಂಗ್ ಟಿಂಗ್" ಅಂತ ಡಬಲ್ ಬೆಲ್ ಹೊಡೆದುಕೊಂಡು, ಮತ್ತೆ ಹೊರಡುವುದು. ಅದನ್ನು ನೋಡುತ್ತಾ ನಾನು ಎಷ್ಟೋ ಸಲ ಗೋಡೆಗೆ ಒರಗಿ ನಿದ್ದೆ ಹೋಗಿದ್ದೇನೆ. ಅದನ್ನು ಅವಳು ಹೊಗಳಿಕೆ ಅಂತ ತಗೊಂಡಳು.

"ಡ್ರೈವರ್ ಒಳ್ಳೆಯವನಾದರೆ ಬಸ್ಸಿನಲ್ಲಿ ಜನ ನಿದ್ದೆ ಮಾಡ್ತಾರೆ. ನಿಮ್ಮ ಗಾಡಿಯಲ್ಲಿ ಯಾರಾದರೂ ನಿದ್ದೆ ಮಾಡಿದ್ದಾರಾ?"

"ನನ್ನ ಗಾಡಿಯಲ್ಲಿ ಇರುವುದು ಡೀಸೆಲ್ ಮಾರಾಯ್ತಿ."

"ಅದೂ ಎದ್ದು ಕೂತಿರ್ತದೆ."

ನನ್ನ ಜೊತೆ ಇನ್ನೊಬ್ಬ ಡ್ರೈವರ್ ಇದ್ದ. ಕೊಚ್ಚಿಯವನೇ, ಮಲಯಾಳಿ. ಚಹಾ ಕುಡಿಯಲಿಕ್ಕೆ ಬಂದವನು, "ಕೊಡಿ ಚೇಚಿ, ನಾನು ತೋರಿಸ್ತೇನೆ" ಅಂತ ಕೂತ. ಚೇಚಿ ಅಂದರೆ ಅಕ್ಕ. ನನಗಿಂತ ಜೋರಾಗಿ ಹೋಗಿ ನನಗಿಂತ ಆಳಕ್ಕೆ ಬಿದ್ದ. "ಅಯ್ಯೋ ಚೇಚೀ, ರೋಡ್ ಎವಿಡೆ?" ಅಂತ ಕೂಗಿದ. ರಸ್ತೆ ಎಲ್ಲಿ ಅಂತ.

"ಬರ್ತಾ ಉಂಟು," ಅಂದಳು ಇವಳು. ಈ ಒಂದು ಮಾತನ್ನು ಮಲಯಾಳದಲ್ಲಿ, ಕನ್ನಡದಲ್ಲಿ ಎರಡರಲ್ಲೂ ಹೇಳಿದಳು.

ಅವನು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ. "ರಸ್ತೆಯಲ್ಲಿ ಒಂದು ಆಟೋ ಇಲ್ಲ, ಒಂದು ಬೈಕ್ ಇಲ್ಲ. ತೆರೆದ ಅಂಗಡಿ ಇಲ್ಲ. ನಡೆಯುವವರೂ ಇಲ್ಲ. ನಿಮ್ಮ ಆಟದಲ್ಲಿ ದಿನಾ ಹರ್ತಾಲಾ ಚೇಚಿ?"

ಇವಳು ಫೋನನ್ನು ಕಿತ್ತುಕೊಂಡಳು. "ಹರ್ತಾಲ್ ದಿನವೂ ಗಾಡಿ ಬೀಳಿಸಿದ್ದು ಕೇರಳದಲ್ಲಿ ನೀವಿಬ್ಬರೇ."

ಘಾಟಿಯಲ್ಲಿ ಬಿ.ಪಿ.

ಅವಳ ಹೃದಯದ ವಾಲ್ವ್ ಸರಿ ಇಲ್ಲ ಅಂತ ಗೊತ್ತಾಯಿತು. ನಾನು ಕೆಲಸ ಬಿಟ್ಟೆ. ಇಬ್ಬರೂ ತಿರುವನಂತಪುರಕ್ಕೆ ಬಂದೆವು. ಮಗಳ ಫ್ಲ್ಯಾಟು ಉಳ್ಳೂರಿನಲ್ಲಿ, ದೊಡ್ಡ ಆಸ್ಪತ್ರೆಗಳೆಲ್ಲ ಹತ್ತಿರ. ಆಪರೇಷನ್‌ಗೆ ಮೊದಲು ಕೆಲವು ದಿನ ವಾರ್ಡಿನಲ್ಲಿ ಮಲಗಿಸಿದರು.

ಅವಳು ಮಲಗುವವಳಲ್ಲ. ಬಸ್ಸು ತೆಗೆದಳು. ಎರಡು ದಿನದಲ್ಲಿ ವಾರ್ಡಿಗೆ ವಾರ್ಡೇ ಬಸ್ಸಿನೊಳಗೆ ಬಂತು. ಪಕ್ಕದ ಮಂಚದ ಅಜ್ಜಿಯ ಊರು ಆಟ್ಟಿಂಗಲ್. ಅವರು ಇವಳನ್ನು ಮಗಳೇ ಅಂತ ಕರೆದು, "ಆಟ್ಟಿಂಗಲ್‌ನಲ್ಲಿ ನಿಲ್ಲಿಸ್ತೀಯಾ ಮೋಳೆ?" ಅಂತ ಕೇಳಿದರು. ಆಟದಲ್ಲಿ ಆಟ್ಟಿಂಗಲ್ ಎಲ್ಲಿಂದ ಬರಬೇಕು? ಇವಳು ಒಂದು ಮರದ ಹತ್ತಿರ ನಿಲ್ಲಿಸಿ, "ಇಳಿಯಿರಿ, ಜಾಗ್ರತೆ" ಅಂದಳು. ಅಜ್ಜಿ ಬಹಳ ಸಂತೋಷದಿಂದ ಗೋಡೆಯ ಕಡೆ ತಿರುಗಿ ಮಲಗಿದರು. ಊರಿಗೆ ಮುಟ್ಟಿದವರ ಹಾಗೆ.

ನರ್ಸಮ್ಮ ಬಿ.ಪಿ. ನೋಡಲಿಕ್ಕೆ ಬಂದರು. "ಬಸ್ ನಿಲ್ಲಿಸಿ ಅಮ್ಮ."

"ಘಾಟಿಯಲ್ಲಿ ನಿಲ್ಲಿಸಲಿಕ್ಕೆ ಆಗ್ತದಾ? ಹಾಗೇ ನೋಡಿ," ಅಂತ ಒಂದು ಕೈ ಚಾಚಿದಳು.

ನೋಡಿದರು. ಜಾಸ್ತಿ ಇತ್ತು. ಡಾಕ್ಟರು ಬಂದು ಚೀಟಿ ನೋಡಿ ಹುಬ್ಬು ಗಂಟು ಹಾಕಿದರು. "ಇದೇನು ಇಷ್ಟು?" ನರ್ಸಮ್ಮ ಗಂಭೀರವಾಗಿ ಹೇಳಿದರು, "ಅದು ಘಾಟಿಯಲ್ಲಿ ತೆಗೆದದ್ದು ಡಾಕ್ಟರ್. ಬಯಲಿಗೆ ಇಳೀಲಿ, ಮತ್ತೊಮ್ಮೆ ನೋಡ್ತೇನೆ."

ಆದರೆ ಆ ಸಲ ಬಸ್ಸು ಬಯಲಿಗೆ ಇಳಿಯಲಿಲ್ಲ. ಘಾಟಿಯ ಕೊನೆಯ ತಿರುವು ಉಂಟು. ಎಡಕ್ಕೆ ಒಂದು ದೊಡ್ಡ ಬಂಡೆ. ಅಲ್ಲಿ ರಸ್ತೆ ಯಾವಾಗಲೂ ತಡ. ಅದನ್ನು ಅವಳು ಗೀರಿಲ್ಲದೆ ಎಂದೂ ದಾಟಿರಲಿಲ್ಲ. ಈ ಸಲವೂ ಅಲ್ಲಿಯವರೆಗೆ ಬಂದಿದ್ದಳು. ನಿಲ್ಲಿಸಿ ಕಾಯುತ್ತಿದ್ದಳು. ಅಷ್ಟರಲ್ಲಿ ಗಾಲಿಮಂಚ ಬಂತು. ಬಾಗಿಲವರೆಗೆ ಫೋನು ಅವಳ ಕೈಯಲ್ಲಿಯೇ ಇತ್ತು. ಬಾಗಿಲಲ್ಲಿ ನನಗೆ ಕೊಟ್ಟಳು. ಆ ಮಾತು ಹೇಳಿದಳು. ಬಾಗಿಲು ಮುಚ್ಚಿತು.

ಅವಳು ಹೊರಗೆ ಬರಲಿಲ್ಲ. ಬಸ್ಸು ಬಂಡೆಯ ಹತ್ತಿರ ನಿಂತಿತ್ತು. ಇಂಡಿಕೇಟರ್ ಹಾಕಿಯೇ ಇತ್ತು.

ರಾಕೆಟ್ಟಿಗೆ ರಸ್ತೆ ಬೇಡ

ಆ ಬಸ್ಸನ್ನು ಸಮುದ್ರಕ್ಕೆ ಮುಟ್ಟಿಸಬೇಕು. ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಆದರೆ ಮುಟ್ಟಲಿಕ್ಕೆ ಹೆದರಿಕೆ. ನಾನು ಉಜ್ಜಿದರೆ ಅವಳ ಟ್ರಿಪ್ ಹೋಯಿತು. ಫೋನನ್ನು ಚಾರ್ಜಿಗೆ ಹಾಕಿ ಹಾಗೇ ಇಟ್ಟುಕೊಂಡೆ.

ಕೆಲವು ತಿಂಗಳು ಕಳೆದು ಫೋನಿನಲ್ಲಿ ಒಂದು ಸಂದೇಶ ಬಂತು. ಮಗಳು ಓದಿ ಹೇಳಿದಳು. ನನ್ನ ಮಗಳಿಗೆ ಕನ್ನಡ ಎಲ್ಲ ಗೊತ್ತು, ಆದರೆ ಉತ್ತರ ಕೊಡುವುದು ಮಲಯಾಳದಲ್ಲಿ. ಸಂಗತಿ ಇಷ್ಟು. ಆಟ ಇನ್ನೂ ದೊಡ್ಡದಾಗುತ್ತದೆ. ಈ ಫೋನಿನ ಮೆಮೊರಿ ಸಾಲುವುದಿಲ್ಲ. ಇನ್ನು ಸ್ವಲ್ಪ ದಿನದಲ್ಲಿ ಇದರಲ್ಲಿ ಆಟ ತೆರೆಯುವುದಿಲ್ಲ. ಬೇರೆ ಯಾವುದರಲ್ಲಿಯಾದರೂ ನನ್ನ ಹೆಂಡತಿಯ ಹೆಸರು, ಪಾಸ್‌ವರ್ಡ್ ಹಾಕಿದರೆ ಬಸ್ಸು ನಿಂತಲ್ಲಿಂದಲೇ ಸಿಗುತ್ತದೆ.

ಪಾಸ್‌ವರ್ಡ್ ಮಗಳಿಗೆ ಗೊತ್ತಿತ್ತು. ನನ್ನ ಮೊದಲ ಟ್ಯಾಂಕರಿನ ನಂಬರ್. ನಾನು ಹುಟ್ಟಿದ ದಿನ ಮಾತ್ರ ನನ್ನ ಹೆಂಡತಿಗೆ ಒಂದು ವರ್ಷವೂ ನೆನಪಿರಲಿಲ್ಲ.

ಅಳಿಯನ ಹತ್ತಿರ ಹಳೆ ಕಂಪ್ಯೂಟರ್ ಇತ್ತು. ಅಳಿಯ ಮಲಯಾಳಿ, ತುಂಬಾ ಅನ್ನುವ ಊರಿನಲ್ಲಿ ರಾಕೆಟ್ಟಿನವರ ಆಫೀಸಿನಲ್ಲಿ ಸ್ಟೋರು ನೋಡಿಕೊಳ್ಳುವುದು. ನನ್ನನ್ನು ಅಚ್ಛನ್ ಅನ್ನುತ್ತಾನೆ, ಅವರಲ್ಲಿ ಅಪ್ಪ ಅಂತ. ಆಟ ಹಾಕಿಕೊಟ್ಟ. ನಾನು ಅವಳ ಬಸ್ಸು ಮುಟ್ಟದೆ ನನ್ನ ಬಸ್ಸಿನಲ್ಲಿ ಅಭ್ಯಾಸಕ್ಕೆ ಕೂತೆ.

ಡಿಸ್ಕು ಕರಕರ ಅಂತ ತಿರುಗಿತು. ರುಬ್ಬುವ ಯಂತ್ರಕ್ಕೆ ಕಲ್ಲು ಬಿದ್ದ ಹಾಗೆ. ನಾನು ಸ್ನಾನ ಮಾಡಿ ಬಂದೆ. ಆಗ ಬೆಟ್ಟ ಬಂದಿತ್ತು, ಬಸ್ಸು ಬಂದಿರಲಿಲ್ಲ. ಬಸ್ಸು ಬಂದಮೇಲೆ ರಸ್ತೆ ತುಂಡು ತುಂಡಾಗಿ ಬಂತು.

"ಇದು ನಮ್ಮ ಸ್ಟೋರಿನ ಹಾಗೆ ಅಚ್ಛಾ," ಅಂದ ಅಳಿಯ. "ಡಿಸ್ಕು ಅಂದ್ರೆ ಗೋಡೌನು. ಮೆಮೊರಿ ಅಂದ್ರೆ ಕೆಲಸದ ಬೆಂಚು. ಗೋಡೌನಿನಿಂದ ತಂದು ಬೆಂಚಿನ ಮೇಲೆ ಇಟ್ಟರೆ ಮಾತ್ರ ಕೆಲಸ ನಡೆಯುವುದು. ಬೆಂಚು ಸಣ್ಣದು. ದೊಡ್ಡದು ಮಾಡುವ."

"ಪೈಪು ಸಣ್ಣದು," ಅಂದೆ ನಾನು.

"ಬೆಂಚು."

"ಪೈಪು."

ಮೆಮೊರಿ ತಂದು ಹಾಕಿದ. ಒಮ್ಮೆ ಹೋದ ರಸ್ತೆಯಲ್ಲಿ ಹಿಂದೆ ಬಂದರೆ ಈಗ ಅದು ಅಲ್ಲೇ ಇರುತ್ತಿತ್ತು, ಮಾಯ ಆಗುತ್ತಿರಲಿಲ್ಲ. ಹೊಸ ರಸ್ತೆ ಬರಬೇಕಾದರೆ ಮಾತ್ರ ಮೊದಲಿನ ಹಾಗೇ ಕರಕರ. ಅಂದರೆ ಬೆಂಚೂ ಸರಿ, ಪೈಪೂ ಸರಿ. ಇಬ್ಬರೂ ಗೆದ್ದೆವು. ಬಸ್ಸು ಮಾತ್ರ ಮತ್ತೆ ಕೆಳಗೆ ಬಿತ್ತು.

ನನಗೆ ಸಿಟ್ಟು ಬಂತು. "ನಿಮ್ಮಲ್ಲಿ ರಾಕೆಟ್ ಆಕಾಶಕ್ಕೆ ಹೋಗ್ತದಲ್ಲ?"

"ಹೋಗ್ತದೆ ಅಚ್ಛಾ."

"ಹಾಗಾದರೆ ಈ ಒಂದು ಬಸ್ಸನ್ನು ತಿರುವು ದಾಟಿಸಲಿಕ್ಕೆ ನಿಮ್ಮಿಂದ ಆಗುವುದಿಲ್ಲವಾ?"

ಅಳಿಯ ಸ್ವಲ್ಪ ಯೋಚಿಸಿದ. "ರಾಕೆಟ್ಟಿಗೆ ರಸ್ತೆ ಬೇಡ ಅಚ್ಛಾ."

ಹರ್ತಾಲ್ ಮುಗಿಯಿತು

ಮೇಲಿನ ಮನೆಯಲ್ಲಿ ಒಬ್ಬರು ಬ್ಯಾಂಕಿನವರು ಇದ್ದಾರೆ. ಮೈಸೂರು ಕಡೆಯವರು, ಕೆಲಸದಿಂದ ನಿವೃತ್ತಿ ಆದಮೇಲೂ ಇಲ್ಲೇ ಉಳಿದವರು. ಲಿಫ್ಟಿನಲ್ಲಿ ನನ್ನ ಸಂಕಟ ಕೇಳಿ, "ಅಯ್ಯೋ, ಬನ್ನಿ ಸಾರ್, ನಮ್ಮನೇಲಿ ಗೇಮ್ ಆಡೋ ಪೆಟ್ಟಿಗೇನೇ ಇದೆ" ಅಂತ ಕರೆದುಕೊಂಡು ಹೋದರು. ದೊಡ್ಡ ಟಿ.ವಿ. ಅದರ ಅಡಿಯಲ್ಲಿ ಬಿಳಿ ಪೆಟ್ಟಿಗೆ.

"ಮೊಮ್ಮಗನಿಗೆ ಅಂತ ತಗೊಂಡಿದ್ದು," ಅಂದರು.

"ಎಷ್ಟು ದೊಡ್ಡವನು?"

ಅಡಿಗೆಮನೆಯಿಂದ ಅವರ ಹೆಂಡತಿ ಹೇಳಿದರು, "ಇನ್ನೂ ಹಲ್ಲು ಬಂದಿಲ್ಲ. ಇವರಿಗೆ ಬಿದ್ದಾಗಿದೆ. ಇಬ್ಬರಿಗೂ ಒಂದೇ ಆಟ ಸಾಕು."

ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ. "ಇದರಲ್ಲಿ ಡಿಸ್ಕು ತಿರುಗೋದೇ ಇಲ್ಲ ಸಾರ್. ಚಿಪ್ಪು. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ರೆಡಿ."

ನಾನು ಕನ್ನಡಕ ಹಾಕಿಕೊಳ್ಳಲಿಕ್ಕೆ ಬಗ್ಗಿದೆ. ಏಳುವಾಗ ಆಟ ಬಂದಾಗಿತ್ತು. ಬೆಟ್ಟ ಇತ್ತು, ಬಸ್ಸು ಇತ್ತು, ರಸ್ತೆ ಇತ್ತು. ದೂರದ ಸಮುದ್ರ ಕೂಡ ಕಾಣುತ್ತಿತ್ತು. ಇಷ್ಟು ದಿನ ಅದು ಕಂಡಿರಲಿಲ್ಲ. ನನ್ನ ಕಣ್ಣು ತುಂಬಿತು. "ನೋಡು, ರಸ್ತೆ ಬಂತು" ಅಂತ ಮನಸ್ಸಿನಲ್ಲೇ ಹೇಳಿ ನನ್ನ ಬಸ್ಸನ್ನು ಹೊರಡಿಸಿದೆ.

ಸ್ಟ್ಯಾಂಡಿನ ಗೇಟಿನಲ್ಲಿಯೇ ಆಟೋಕ್ಕೆ ಬಡಿದೆ.

ಮತ್ತೆ ಹೊರಟೆ. ಈ ಸಲ ಬೈಕು. ಮತ್ತೆ ಹೊರಟೆ. ತಳ್ಳುಗಾಡಿ. ಆಮೇಲೆ ನಾಯಿ. ಆಮೇಲೆ ರಸ್ತೆಯ ನಡುವೆ ನಿಂತು ಫೋನಿನಲ್ಲಿ ಮಾತಾಡುವ ಒಬ್ಬ ಮನುಷ್ಯ. ರಸ್ತೆಯಲ್ಲಿ ಕಾಲಿಡಲಿಕ್ಕೆ ಜಾಗ ಇಲ್ಲ.

"ಇವರೆಲ್ಲ ಎಲ್ಲಿಂದ ಬಂದದ್ದು?" ಅಂತ ಕೂಗಿದೆ.

"ಮೊದಲಿಂದಾನೂ ಇದ್ದರು ಸಾರ್," ಅಂದರು ಬ್ಯಾಂಕಿನವರು. "ಸಣ್ಣ ಮೆಮೊರೀಲಿ ಹಿಡಿಸೋದಿಲ್ಲ ಅಂತ ನಿಮ್ಮ ಫೋನಲ್ಲಿ ಇವರನ್ನೆಲ್ಲ ಬಿಟ್ಟುಬಿಟ್ಟಿದ್ದರು. ಇದರಲ್ಲಿ ಜಾಗ ಇದೆ, ಎಲ್ಲರೂ ಬ್ಯಾಗು ಹಿಡ್ಕೊಂಡು ಬಂದಿದ್ದಾರೆ."

ನಾನು ಕೊಚ್ಚಿಯ ಆ ಡ್ರೈವರ್‌ಗೆ ಫೋನು ಮಾಡಿದೆ. "ಹರ್ತಾಲ್ ಮುಗಿಯಿತು" ಅಂದೆ. ಎಲ್ಲ ಹೇಳಿದೆ.

ಅವನಿಗೆ ರೋಷ ಬಂತು. "ಅಂದ್ರೆ ಚೇಚಿ ಖಾಲಿ ರಸ್ತೆಯಲ್ಲಿ ಓಡಿಸಿಕೊಂಡು ನಮಗೆ ಅಷ್ಟು ಬೈದದ್ದಾ?"

"ಹೌದು."

ಆಮೇಲೆ ಮೆಲ್ಲ ಹೇಳಿದ, "ಆದರೆ ಚೇಟ್ಟಾ, ನಾವು ಬಿದ್ದದ್ದೂ ಅದೇ ಖಾಲಿ ರಸ್ತೆಯಲ್ಲಿ ಅಲ್ಲವಾ?"

ಡಬಲ್ ಬೆಲ್

ಓಣಂ ಬಂತು. ಅವಳು ಹೋಗಿ ವರ್ಷ ಆಗಿರಲಿಲ್ಲ, ನಮ್ಮಲ್ಲಿ ಹಬ್ಬ ಇಲ್ಲ. ಬ್ಯಾಂಕಿನವರು ಬಂದು ಕರೆದರು, "ಹಬ್ಬ ಅಂತಲ್ಲ ಸಾರ್, ಊಟ ಅಂತ ಬನ್ನಿ." ಎಲೆ ತುಂಬ ಬಡಿಸಿದರು. ಎರಡು ಬಗೆಯ ಪಾಯಸ. ಮಗಳು, ಅಳಿಯ, ಅಳಿಯನ ತಾಯಿ, ಅಕ್ಕಪಕ್ಕದ ಫ್ಲ್ಯಾಟಿನವರು, ಎಲ್ಲ ಉಂಡು ಟಿ.ವಿ. ಎದುರು ಕೂತರು. ಸೋಫಾದಲ್ಲಿ ಕೆಲವರು, ಹಿಂದೆ ಕುರ್ಚಿಯಲ್ಲಿ ಕೆಲವರು. ಬಸ್ಸಿನ ಸೀಟಿನ ಹಾಗೆಯೇ ಆಗಿತ್ತು.

ಮಗಳು ನನ್ನ ಕೈಗೆ ಆಟದ ಗುಂಡಿಗಳಿರುವ ಹಿಡಿ ಕೊಟ್ಟಳು. "ಅಪ್ಪ, ಇವತ್ತು ಅಮ್ಮನ ಬಸ್ಸು," ಅಂದಳು. ಕನ್ನಡದಲ್ಲಿ.

ಹೆಸರು, ಟ್ಯಾಂಕರ್ ನಂಬರ್ ಹಾಕಿದಳು. ಬಸ್ಸು ಬಂತು. ಬಂಡೆಯ ಹತ್ತಿರವೇ ನಿಂತಿತ್ತು. ಇಂಡಿಕೇಟರ್ ಮಿಣುಕುತ್ತಾ ಇತ್ತು. ಬ್ಯಾಂಕಿನವರು ಸ್ಟೀಲ್ ಲೋಟ, ಚಮಚ ಹಿಡಿದು ಕಂಡಕ್ಟರ್ ಆದರು. ಒಂದು ಬೆಲ್ ಅಂದರೆ ನಿಲ್ಲಿಸುವುದು, ಎರಡು ಅಂದರೆ ಹೋಗುವುದು. ಟಿಂಗ್ ಟಿಂಗ್ ಹೊಡೆದರು.

ನಾನು ಹೋಗಲಿಲ್ಲ.

"ಹೋಗಿ ಸಾರ್. ರಸ್ತೆ ಇದೆಯಲ್ಲ."

"ಬರ್ಲಿ."

"ಏನು ಬರ್ಲಿ? ಪೂರ್ತಿ ಬಂದಾಗಿದೆ, ಸಮುದ್ರದವರೆಗೂ ಕಾಣ್ತಿದೆ!"

"ಬರ್ಲಿ ಮಾರಾಯ್ರೆ."

ಅವರು ಮತ್ತೊಮ್ಮೆ ಡಬಲ್ ಬೆಲ್ ಹೊಡೆದರು. ಬೆರಳು ತುರಿಸುತ್ತಾ ಇತ್ತು. ಆದರೂ ಒತ್ತಲಿಲ್ಲ. ಅಷ್ಟರಲ್ಲಿ ಬಂಡೆಯ ಹಿಂದಿನಿಂದ, ರಾಂಗ್ ಸೈಡಿನಲ್ಲಿ, ಒಂದು ಗಾಡಿ ನುಗ್ಗಿ ಬಂತು. ನಮ್ಮ ಬಸ್ಸಿನ ಕನ್ನಡಿಗೆ ತಾಗಿತು ತಾಗಲಿಲ್ಲ ಅನ್ನುವ ಹಾಗೆ ಹಾದು ಹೋಯಿತು. ಹೋದ ಮೇಲೆ ನೋಡಿದೆ. ಟ್ಯಾಂಕರ್. ನಮ್ಮ ಪೈಕಿಯವನೇ.

ಬ್ಯಾಂಕಿನವರ ಕೈಯಿಂದ ಚಮಚ ಲೋಟದೊಳಗೆ ಬಿತ್ತು. ಟಿಂಗ್. ನಾನು ಹ್ಯಾಂಡ್‌ಬ್ರೇಕ್ ಹಾಕಿದೆ.

"ಇನ್ನೇನು ಸಾರ್, ಹೋಗಿ ಈಗ!"

"ಒಂದು ಬೆಲ್ ಹೊಡೆದ್ರಲ್ಲ."

"ಅದು ಬೆಲ್ ಅಲ್ಲ ಸಾರ್, ಚಮಚ ಜಾರಿದ್ದು!"

"ಒಂದು ಬೆಲ್ ಅಂದ್ರೆ ಒಂದು ಬೆಲ್."

ಅವರು ಚಮಚ ತೆಗೆದು ಟಿಂಗ್ ಟಿಂಗ್ ಹೊಡೆದರು. ಬಸ್ಸು ಹೊರಟಿತು. ಇಳಿದೆ. ಬಯಲಿಗೆ ಬಂದೆ. ಪ್ರತಿ ತಿರುವಿನಲ್ಲಿ ನಿಲ್ಲಿಸಿದೆ. ರಸ್ತೆ ಇದ್ದರೂ ನಿಲ್ಲಿಸಿದೆ. ಪೇಟೆಯಲ್ಲಿ ಆಟೋಕ್ಕೆ ಬಿಟ್ಟುಕೊಟ್ಟೆ, ಬೈಕಿಗೆ ಬಿಟ್ಟುಕೊಟ್ಟೆ, ನಾಯಿ ಏಳುವವರೆಗೆ ಕಾದೆ. ಫೋನಿನಲ್ಲಿ ಮಾತಾಡುವ ಮನುಷ್ಯ ಅಲ್ಲೇ ನಿಂತಿದ್ದ. ಅವನು ಮಾತು ಮುಗಿಸುವವರೆಗೂ ನಿಂತೆ. ಹಿಂದಿನಿಂದ ಹಾರ್ನ್ ಹೊಡೆದರು. ಹೊಡೆಯಲಿ.

ಸಮುದ್ರ ಬಂತು. ಸ್ಟ್ಯಾಂಡಿನೊಳಗೆ ತಂದು ನಿಲ್ಲಿಸಿದೆ. ಬಸ್ಸಿನ ಉದ್ದಕ್ಕೂ ಹಸಿರು ಪಟ್ಟಿ ಹತ್ತಿತು. ಒಂದು ಗೀರಿಲ್ಲ. ಅವಳ ಬಸ್ಸು ಮುಟ್ಟಿತು.

ಕೈ ಮೇಲೆತ್ತಿ ಹಿಂದೆ ತಿರುಗಿದೆ.

ಎಲ್ಲರೂ ನಿದ್ದೆ. ಮಗಳು ಅಳಿಯನ ಭುಜದ ಮೇಲೆ. ಅಳಿಯ ಬಾಯಿ ತೆರೆದುಕೊಂಡು. ಬ್ಯಾಂಕಿನವರು ಲೋಟವನ್ನು ಮಡಿಲಲ್ಲಿ ಇಟ್ಟುಕೊಂಡು. ಅವರ ಹೆಂಡತಿ ಕಿಟಕಿಗೆ ತಲೆ ಕೊಟ್ಟು, ಕಿಟಕಿ ಸೀಟು ಸಿಕ್ಕಿದವರ ಹಾಗೆ. ಕೋಣೆಯಲ್ಲಿ ಎದ್ದು ಕೂತಿದ್ದವನು ಡ್ರೈವರ್ ಒಬ್ಬನೇ.

ಜೀವಮಾನ ಇಡೀ ಡೀಸೆಲ್ ಸಾಗಿಸಿದವನು ನಾನು. ನೋಡಿದೆಯಾ, ಅಂದೆ ಅವಳಿಗೆ. ಜನ ನಿದ್ದೆ ಮಾಡಿದ್ದಾರೆ.

ಆಮೇಲೆ ಚಮಚ ತೆಗೆದು ಲೋಟಕ್ಕೆ ಒಂದು ಹೊಡೆದೆ. "ಸ್ಟ್ಯಾಂಡ್! ಸ್ಟ್ಯಾಂಡ್! ಎಲ್ಲ ಇಳಿಯಿರಿ!"

ಎಲ್ಲರೂ ದಡಬಡ ಎದ್ದರು. ಒಬ್ಬರು ಕಾಲಲ್ಲಿ ಚಪ್ಪಲಿ ಹುಡುಕಿದರು. ಬ್ಯಾಂಕಿನವರು ನಿದ್ದೆಗಣ್ಣಲ್ಲಿ, "ಹಿಂದಿನ ಬಾಗಿಲಿಂದ ಇಳೀರಿ, ಹಿಂದಿನ ಬಾಗಿಲಿಂದ" ಅಂದರು. ಅವರ ಹೆಂಡತಿ ನಿಜವಾಗಿ ಅಡಿಗೆಮನೆಯ ಹಿಂದಿನ ಬಾಗಿಲ ಕಡೆಗೆ ಹೊರಟರು. ಅಳಿಯನ ತಾಯಿ ಬ್ಯಾಗು ಎದೆಗೆ ಅವಚಿಕೊಂಡು, ಕೊಡೆ ಹಿಡಿದು, ಗಾಬರಿಯಿಂದ ನನ್ನ ಹತ್ತಿರ ಬಂದರು.

"ಮೆಡಿಕಲ್ ಕಾಲೇಜ್ ಸ್ಟಾಪ್ ದಾಟಿತಾ?"

"ದಾಟಿ ಆಯ್ತು," ಅಂದೆ.

ಮರುದಿನ ಬೆಳಿಗ್ಗೆಯೇ ಬ್ಯಾಂಕಿನವರು ಬಾಗಿಲು ತಟ್ಟಿದರು. "ವಾಪಸ್ ಟ್ರಿಪ್ ಇದೆಯಂತೆ ಸಾರ್, ಬನ್ನಿ, ಪೆಟ್ಟಿಗೆ ಆನ್ ಮಾಡಿಟ್ಟಿದ್ದೀನಿ." ನಾನು ಇಲ್ಲೇ ಓಡಿಸ್ತೇನೆ ಅಂದೆ. "ಆ ಹಳೇ ಕಂಪ್ಯೂಟರಲ್ಲಾ? ಅದು ಶುರುವಾಗೋಕೇ ಕಾಫಿ ಮಾಡಿ ಕುಡಿಯೋಷ್ಟು ಹೊತ್ತು ಬೇಕು ಸಾರ್!"

"ಅಷ್ಟು ಬೇಕು," ಅಂದೆ.

ಗುಂಡಿ ಒತ್ತಿದೆ. ಡಿಸ್ಕು ಕರಕರ ಅಂತ ಶುರುಮಾಡಿತು. ಕಾಫಿ ಮಾಡಿಕೊಂಡು ಬಂದು ಕುರ್ಚಿ ಎಳೆದು ಕೂತೆ. ರಸ್ತೆ ಇನ್ನೂ ಬಂದಿರಲಿಲ್ಲ. ನಿನ್ನೆ ಯಾರು ಯಾರು ಹೇಗೆ ಹೇಗೆ ನಿದ್ದೆ ಮಾಡಿದರು ಅಂತ ಅವಳಿಗೆ ಒಂದೊಂದಾಗಿ ಹೇಳಲಿಕ್ಕೆ ಶುರುಮಾಡಿದೆ.